ಹಳೇ ಗಾಡಿ ಮಾರೋಕಿಂತ ಮೊದಲು ಅದನ್ನ ಓದ್ರಿ

ಭಾಗ 1/6 🔧 ಹಾಟ್ ರಾಡ್ ಅಂದ್ರ ಏನು?

ದೋಸ್ತರೇ, "ಹಾಟ್ ರಾಡ್" ಅನ್ನೋ ಹೆಸರು ಗೇಮ್‌ನಾಗ, ರೀಲ್ಸ್‌ನಾಗ ಕೇಳಿರ್ತೀರಿ. ಅದರ ಕಥೆ ಶುರುವಾಗೋದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನರ ಕಾರಿಗೂ 65 ಅಶ್ವಶಕ್ತಿಯ ವಿ8 ಎಂಜಿನ್ ಕೊಟ್ಟಿತು. ಅಲ್ಲಿನ ಹುಡುಗರು ಹಳೇ ಫೋರ್ಡ್ ಕಡಿಮೆ ರೇಟಿಗೆ ತಗೊಂಡು, ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಎಂಜಿನ್ ಚುರುಕು ಮಾಡಿ ಒಣಗಿದ ಕೆರೆ ಬಯಲಿನಲ್ಲಿ ಓಡಿಸುತ್ತಿದ್ದರು. ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು ಈ ಹುಚ್ಚನ್ನು ಇನ್ನಷ್ಟು ಹಬ್ಬಿಸಿದರು. 1948ರ ಜನವರಿಯಲ್ಲಿ ಇದೇ ಹೆಸರಿನ ಪತ್ರಿಕೆಯೂ ಬಂತು. ದುಡ್ಡು ಕಡಿಮೆ, ಕೈಕೆಲಸ ಜಾಸ್ತಿ ಇದ್ದ ಹುಡುಗರ ಕಾರು ಅದು.

ಭಾಗ 2/6 📅 ಬದಲಾಯಿಸಿದ ಗಾಡಿಗೂ ತಾರೀಖು ಇರ್ತದ

ಇವತ್ತು ಆ ಕಾರು ಮಾರೋವಾಗ ಕೊಳ್ಳುವವರು ಕೇಳೋ ದೊಡ್ಡ ಪ್ರಶ್ನೆ: "ಬಿಡಿಭಾಗಗಳು ಆ ಕಾಲದವೇ ಏನು?" 1940ರ ಕಾಲದ ಹಾಟ್ ರಾಡ್ ಅಂತ ಹೇಳಿದ ಮೇಲೆ, ಆ ಕಾಲದ ಹುಡುಗನ ಕೈಗೆ ಸಿಗಬಹುದಾಗಿದ್ದ ಸಾಮಾನೇ ಅದರಲ್ಲಿರಬೇಕು. ಫೋರ್ಡ್ ಕಾರಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರಲ್ಲಿ. ಹಂಗಾಗಿ 1946ರ ಹುಡುಗ ತನ್ನ 1932ರ ಕಾರಿಗೆ ಅದನ್ನು ಕೂರಿಸಿದ್ದರೆ ನಂಬಬಹುದು. ಅದೇ ಕಾರಿಗೆ ಈಗಿನ ಡಿಸ್ಕ್ ಬ್ರೇಕ್ ಹಾಕಿದರೆ? ಗಾಡಿ ಚೆನ್ನಾಗೇ ನಿಲ್ಲಬಹುದು, ಆದರ 1946ರ ಕಥೆ ಅಲ್ಲಿಗೆ ಮುಗೀತು.

ಇಲ್ಲೊಂದು ವ್ಯತ್ಯಾಸ ಗಮನಿಸ್ರಿ. ಕಾರ್ಖಾನೆಯಿಂದ ಹೊರಬಂದ ಹಂಗೇ ಇದ್ದರೆ ಅದು "ಒರಿಜಿನಲ್". ಬದಲಾಗಿದ್ದರೂ ಒಂದೇ ಕಾಲಕ್ಕೆ ಹೊಂದಿದ್ದರೆ ಅದು "ಕಾಲಕ್ಕೆ ತಕ್ಕದ್ದು". ಎರಡಕ್ಕೂ ಬೆಲೆ ಅದ. ಒಂದನ್ನು ಇನ್ನೊಂದು ಅಂತ ಹೇಳಿ ಮಾರೋದು ಮಾತ್ರ ಮೋಸ.

ಭಾಗ 3/6 🏍️ ನಮ್ಮ ಕಡೆಯ ಉದಾಹರಣೆ: ಜಾವಾ

ನಮ್ಮ ರಸ್ತೆ ಮೇಲೆ ಹಾಟ್ ರಾಡ್ ಕಟ್ಟಿ ಓಡಿಸೋಕೆ ಆಗಲ್ಲ. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರ ಬಿಡಿಭಾಗದ ಕಾಲ ನೋಡಿ ಬೆಲೆ ಕಟ್ಟೋ ಗಾಡಿ ನಮ್ಮಲ್ಲೂ ಅದ. ಮೈಸೂರಿನ ಜಾವಾ!

ಜೆಕೊಸ್ಲೊವಾಕಿಯಾದ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ತಯಾರಿಸೋ ಹಕ್ಕು ಕೊಂಡ. ಎರಡೂ ಹೆಸರಿನ ಮೊದಲಕ್ಷರ ಸೇರಿ "ಜಾವಾ" ಆಯ್ತು. ಅದರ ಲೈಸೆನ್ಸ್ ಪಡೆದು ಐಡಿಯಲ್ ಜಾವಾ ಕಂಪನಿ 1960ರ ದಶಕದ ಶುರುವಿನಲ್ಲಿ ಮೈಸೂರಿನಲ್ಲಿ ಬೈಕ್ ಮಾಡತೊಡಗಿತು. ಕಾರ್ಖಾನೆ ಇದ್ದ ಬಡಾವಣೆ ಯಾವುದು ಗೊತ್ತಾ? ಯಾದವಗಿರಿ! ನಮ್ಮ ಯಾದಗಿರಿಗೂ ಅದೇ ಹಳೇ ಹೆಸರು ಅಂತಾರಲ್ಲ, ಅದಕ್ಕೇ ನೆನಪಿಡೋದು ಸುಲಭ 😄

250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರ್. 1970ರ ದಶಕದಲ್ಲಿ ಹೆಸರು "ಯೆಜ್ಡಿ" ಆಯ್ತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ನಿಂತೇ ಹೋಯ್ತು.

ಭಾಗ 4/6 🔍 ಗಾಡಿ ಓದೋದು ಹೆಂಗ?

ಕಾಗದದಲ್ಲಿ 1966 ಅಂತ ಇರೋ ಜಾವಾ ಒಂದು ನಿಮ್ಮ ಮುಂದೆ ಅದ ಅಂದ್ಕೊಳ್ರಿ. ಒಳಗೆ ರೋಡ್‌ಕಿಂಗ್ ಎಂಜಿನ್ ಕೂತಿದ್ದರೆ, ಆ ಎಂಜಿನ್ ಗಾಡಿಗಿಂತ ಕಡಿಮೆ ಅಂದ್ರೂ 12 ವರ್ಷ ಚಿಕ್ಕದು. ಟ್ಯಾಂಕಿನ ಮೇಲೆ "ಯೆಜ್ಡಿ" ಅಂತಿದ್ದರೆ ಆ ಟ್ಯಾಂಕಾಗಲಿ, ಬ್ಯಾಡ್ಜಾಗಲಿ ಆಮೇಲೆ ಬಂದದ್ದು. ಶುರುವಿನ ಗಾಡಿಗಳಿಗೆ ಬಹಳಷ್ಟು ಸಾಮಾನು ಜೆಕೊಸ್ಲೊವಾಕಿಯಾದಿಂದಲೇ ಬರುತ್ತಿತ್ತು, ಬರಬರುತ್ತ ಇಲ್ಲೇ ತಯಾರಾಯ್ತು. ಹಂಗಾಗಿ ಕಾರ್ಬ್ಯುರೇಟರ್, ಸ್ಪೀಡೋಮೀಟರ್ ಮೇಲಿನ ಸಣ್ಣ ಅಕ್ಷರವೂ ಗಾಡಿಯ ವಯಸ್ಸು ಹೇಳ್ತದ.

ಮೊದಲು ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ಇಟ್ಟು ನೋಡ್ರಿ. ಆಮೇಲೆ ಒಂದು ಹಾಳೆ ತಗೊಂಡು ಮೂರು ಸಾಲು ಮಾಡ್ರಿ: ಗಾಡಿಯ ಜೊತೆಗೇ ಬಂದದ್ದು, ಅದೇ ಕಾಲದ ಬೇರೆ ಗಾಡಿಯಿಂದ ತಂದದ್ದು, ಹೊಸದಾಗಿ ಮಾಡಿಸಿದ್ದು. ಫಳಫಳ ಹೊಳೆಯೋ ಹೊಸ ಪೇಂಟ್‌ಗಿಂತ ಈ ಹಾಳೆ ಹೆಚ್ಚು ಕೆಲಸಕ್ಕೆ ಬರ್ತದ.

ಭಾಗ 5/6 🪨 ಸನ್ನತಿಯ ಕಲ್ಲು

ಇಷ್ಟೆಲ್ಲಾ ಯಾಕಂತೀರಾ? ಭೀಮಾ ದಂಡೆಯ ಸನ್ನತಿ ನಮಗೇನು ದೂರ ಇಲ್ಲ. ಅಲ್ಲಿ ಅಶೋಕನ ಶಾಸನ ಸಿಕ್ಕದ್ದು ಗುಡಿಯಲ್ಲಿ. ಯಾವುದೋ ಕಾಲದಲ್ಲಿ ಆ ಕಲ್ಲನ್ನು ಕಾಳಿಯ ಮೂರ್ತಿಗೆ ಪೀಠ ಮಾಡಿದ್ದರು. ಮೂರ್ತಿ ಕೂರಲಿ ಅಂತ ನಡುವೆ ತೂತು ಕೊರೆದಿದ್ದರು. ತೂತು ಬಿದ್ದ ಕಡೆಯ ಅಕ್ಷರ ಶಾಶ್ವತವಾಗಿ ಹೋದವು. ಕೊರೆದವರು ಕೆಟ್ಟವರಲ್ರಿ. ಅವರಿಗೆ ಅದು ಗಟ್ಟಿಯಾದ ಒಳ್ಳೇ ಕಲ್ಲು, ಅಷ್ಟೇ.

ಕೊಟ್ಟಿಗೆಯಲ್ಲಿ ಧೂಳು ತಿನ್ನೋ ಮುತ್ಯಾನ ಗಾಡಿನೂ ಹಂಗೇ. ಗುಜರಿ ಅಂಗಡಿಯ ತಕ್ಕಡಿಗೆ ಕೆ.ಜಿ. ಗೊತ್ತು, ವರ್ಷ ಗೊತ್ತಿಲ್ಲ. ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಸಾಮಾನು ಉಳೀತದ, ಆದರ ಅದು ಯಾರ ಗಾಡಿ, ಯಾವ ಊರಿನದು ಅನ್ನೋದು ಅಳಿಸಿ ಹೋಗ್ತದ.

ಭಾಗ 6/6 📄 ಮಾರಲೇಬೇಕು ಅಂದ್ರ

ಮಾರೋದು ತಪ್ಪಲ್ಲ. ಮನೆಯ ಕಷ್ಟ ಮನೆಯವರಿಗೇ ಗೊತ್ತು. ಆದರ ತಿಳಕೊಂಡು ಮಾರ್ರಿ.

👉 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಮಾಡಿತು. 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂ. ಶುಲ್ಕ, 10 ವರ್ಷ ಚಾಲ್ತಿ, ನವೀಕರಣಕ್ಕೆ 5,000 ರೂ. ಮೊದಲೇ ನೋಂದಣಿ ಆಗಿರೋ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೆ ಮಾತ್ರ ಬಳಸುವಂತಿಲ್ಲ.

👉 1978ರ ರೋಡ್‌ಕಿಂಗ್‌ಗೆ 50 ತುಂಬೋದು 2028ಕ್ಕೆ. ಅವಸರ ಮಾಡಬ್ಯಾಡ್ರಿ.

👉 ಮಾರಿದ ಮೇಲೆ 14 ದಿನದೊಳಗೆ ಆರ್‌ಟಿಒಗೆ ತಿಳಿಸ್ರಿ. ಹೆಸರು ಬದಲಾಗೋ ತನಕ ಕಾನೂನಿನ ಕಣ್ಣಿಗೆ ನೀವೇ ಮಾಲೀಕರು. ಆ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ನಿಮ್ಮ ತಲೆ ಮೇಲೆ ಬರಬಹುದು.

👉 ಭಾಗ 4ರಲ್ಲಿ ಹೇಳಿದ ಹಾಳೆಯನ್ನು ಕೊಳ್ಳುವವರ ಕೈಗೆ ಕೊಡ್ರಿ. ಒಂದು ಪ್ರತಿ ಮನೆಯಲ್ಲಿಡ್ರಿ. ಗಾಡಿ ಹೋದರೂ ಅದರ ಚರಿತ್ರೆ ಮನೆಯಲ್ಲಿ ಉಳೀಲಿ.

ನಿಮ್ಮ ಓಣಿಯಲ್ಲಿ ಹಳೇ ಜಾವಾ, ಯೆಜ್ಡಿ ಅದ ಏನು? ಮಾಲೀಕರನ್ನ ಕೇಳಿ, ಅದು ಯಾವ ವರ್ಷದ್ದು ಅಂತ ಕಾಮೆಂಟ್‌ನಲ್ಲಿ ಬರೀರಿ. ಗಾಡಿ ಮಾರೋ ಮಾತು ನಡೆದಿರೋ ಮನೆಯ ದೋಸ್ತಿಗೆ ಇದನ್ನ ಇವತ್ತೇ ಕಳಿಸ್ರಿ 🙏

#ಯಾದಗಿರಿ #ಶಹಾಪುರ #ಸುರಪುರ #ಜಾವಾ #ಯೆಜ್ಡಿ #ನಮ್ಮಚರಿತ್ರೆ