ಅಡಿಕೆ ಲ್ಯಾಟಿನ್ ಆದ ಕಥೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಮಾತುಗಳನ್ನು ನಾವು ದಿನವೂ ಕೇಳುತ್ತೇವೆ. ಇವೆಲ್ಲದರ ತಾಯಿಪದವಾದ 'ಅಡಿಕೆ'ಯ ಬಳಗದ ಪದವೊಂದು ಲ್ಯಾಟಿನ್ ಭಾಷೆಯಲ್ಲಿ ಸ್ಥಾನ ಪಡೆದಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಸಿಸೆರೊ, ವರ್ಜಿಲರ ಲ್ಯಾಟಿನ್‌ನಲ್ಲಿ 'ಅರೆಕ' ಎಂಬ ನಾಮಪದವಿಲ್ಲ. 16ನೇ ಶತಮಾನದಲ್ಲಿ ಮಲಬಾರಿಗೆ ಬಂದ ಪೋರ್ಚುಗೀಸರು ಮಲಯಾಳದ 'ಅಡಯ್ಕ'ವನ್ನು ಕೇಳಿಸಿಕೊಂಡು 'ಅರೆಕ' ಎಂದರು. ನಾಲಗೆ ಮಡಚಿ ನುಡಿಯುವ 'ಡ'ಕಾರ ಅವರ ಬಾಯಲ್ಲಿ 'ರ' ಆಯಿತು. ನಮ್ಮ ಅಡಿಕೆ, ತಮಿಳಿನ ಅಡೈಕ್ಕಾಯ್ ಅದೇ ಪದದ ಒಡಹುಟ್ಟುಗಳು.

ಆದರೆ ಯುರೋಪಿನ ವಿದ್ವಾಂಸರಿಗೆ ಅದಕ್ಕೂ ಮೊದಲೇ ಬೇರೊಂದು ಹೆಸರು ಗೊತ್ತಿತ್ತು. ಅರಬರು ಅಡಿಕೆಯನ್ನು 'ಫೌಫಲ್' ಎನ್ನುತ್ತಿದ್ದರು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದುಹೋದ ಇಬ್ನ್ ಬತೂತ ಬಳಸಿದ್ದೂ ಇದನ್ನೇ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ದ ಓರ್ತನ ಗ್ರಂಥದಲ್ಲಿ ಎರಡು ಹೆಸರುಗಳೂ ಇವೆ. 1623ರಲ್ಲಿ ಬೌಹಿನ್ ತನ್ನ ಲ್ಯಾಟಿನ್ ಸಸ್ಯಕೋಶದಲ್ಲಿ ಫೌಫಲ್ ಅನ್ನೇ ದಾಖಲಿಸಿದ. 1753ರಲ್ಲಿ ಲಿನೇಯಸ್ 'ಅರೆಕ ಕಟೆಚು' ಎಂದು ನಾಮಕರಣ ಮಾಡಿದ.

ಈ ಎರಡನೆಯ ಪದದಲ್ಲೊಂದು ತಮಾಷೆಯಿದೆ. ಕಟೆಚು ಎಂದರೆ ನಾವು ಎಲೆಯಡಿಕೆಗೆ ಹಚ್ಚುವ ಕಾಚು. ಅಸಲು ಕಾಚು ಸಿಗುವುದು ಕಗ್ಗಲಿ ಮರದ ಕೆಚ್ಚಿನಿಂದ. ನೆರೆಯವನ ಆಸ್ತಿ ಅಡಿಕೆಯ ಖಾತೆಗೆ ಬಿದ್ದಂತಾಯಿತು!

ವ್ಯಾಕರಣಕ್ಕೆ ಬಂದರೆ, ಕನ್ನಡದಲ್ಲಿ ನಪುಂಸಕವಾದ ಅಡಿಕೆ ಲ್ಯಾಟಿನ್‌ನಲ್ಲಿ ಸ್ತ್ರೀಲಿಂಗ. ಜೊತೆಗೆ ಬರುವ ಗುಣವಾಚಕವೂ ಸ್ತ್ರೀಲಿಂಗವಾಗಬೇಕು. ಶ್ರೀಲಂಕಾದ ಕಾಡಡಿಕೆ 'ಅರೆಕ ಕಾನ್ಸಿನ್ನ' ಆದದ್ದು ಹೀಗೆ. ಕಟೆಚು ಮಾತ್ರ ನಾಮಪದವಾದ್ದರಿಂದ ಬದಲಾಗುವುದಿಲ್ಲ. ಷಷ್ಠೀ ವಿಭಕ್ತಿಯಲ್ಲಿ 'ಅರೆಕೇ', ಅಂದರೆ 'ಅಡಿಕೆಯ'.

ಈ ಷಷ್ಠಿ ಮಲೆನಾಡಿನ ತೋಟಿಗರ ಪಾಲಿಗೆ ಬರೀ ವ್ಯಾಕರಣವಲ್ಲ. ಮಳೆಗಾಲದಲ್ಲಿ ಕಾಯಿ ಉದುರಿ ವರ್ಷದ ಅನ್ನವೇ ಹೋಗುವ ಕೊಳೆರೋಗವನ್ನು ಅಧ್ಯಯನ ಮಾಡಿದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ರೋಗಾಣುವಿನ ಹೆಸರಿಗೆ ಅವರು 'ಅರೆಕೇ' ಎಂದು ಸೇರಿಸಿದರು. ಇಂದಿನ ವಿಜ್ಞಾನಿಗಳು ಆ ವರ್ಗೀಕರಣವನ್ನು ಬದಲಿಸಿದ್ದಾರೆ. ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವುದಂತೂ ತಪ್ಪಿಲ್ಲ. 1910ರ ಅವರ ಇಂಗ್ಲಿಷ್ ವರದಿಯ ಶೀರ್ಷಿಕೆಯಲ್ಲಿ 'ಅರೆಕ' ಮತ್ತು 'ಕೊಳೆರೋಗ' ಎರಡೂ ಇವೆ. ಮೊದಲನೆಯದು ಮಲಬಾರಿನಿಂದ ಯುರೋಪು ಸುತ್ತಿ ಬಂದದ್ದು. ಎರಡನೆಯದು ನಮ್ಮ ತೋಟಿಗರ ಬಾಯಿಮಾತೇ.