ಮೊಬೈಲ್ ಟವರ್ ವಿಕಿರಣಕ್ಕೆ 'ಸುರಕ್ಷತಾ ಮಿತಿ' ನಿಗದಿ ಮಾಡುವುದು ಹೇಗೆ?

"ಟವರ್ ವಿಕಿರಣ ಮಿತಿ ಮೀರಿದರೆ ಕ್ಯಾನ್ಸರ್ ಖಚಿತ, ಎಲ್ಲರಿಗೂ ಕಳಿಸಿ" ಎನ್ನುವಂಥ ಫಾರ್ವರ್ಡ್‌ಗಳು ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಈ ಮಿತಿ ಎಲ್ಲಿಂದ ಬಂತು ಎಂಬುದು ಮಾತ್ರ ಅವುಗಳಲ್ಲಿ ಇರುವುದಿಲ್ಲ.

ಮೊಬೈಲ್ ತರಂಗಗಳಿಗೆ ಎಕ್ಸ್-ರೇಯಂತೆ ನೇರವಾಗಿ ಡಿಎನ್‌ಎ ಮುರಿಯುವ ಶಕ್ತಿಯಿಲ್ಲ. ಅವುಗಳಿಂದ ಖಚಿತವಾಗಿ ಗೊತ್ತಾಗಿರುವ ಅಪಾಯವೆಂದರೆ, ಪ್ರಮಾಣ ಹೆಚ್ಚಾದಾಗ ದೇಹ ಬಿಸಿಯಾಗುವುದು. ಹಾಗಾಗಿ ಲೆಕ್ಕ ಶುರುವಾಗುವುದು ಶಾಖದಿಂದ. ಇಲಿ, ಕೋತಿಗಳಿಗೆ ಒಂದು ಕೆಲಸ ಕಲಿಸಿ, ತರಂಗಗಳ ಪ್ರಮಾಣವನ್ನು ಏರಿಸುತ್ತಾ ಹೋದ ಪ್ರಯೋಗಗಳು ನಡೆದಿವೆ. ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 4 ವ್ಯಾಟ್ ಹೀರಿಕೊಳ್ಳುವ ಹಂತದಲ್ಲಿ ಮೈ ಶಾಖ ಸುಮಾರು 1 ಡಿಗ್ರಿ ಏರಿ, ಪ್ರಾಣಿಗಳು ಕಲಿತ ಕೆಲಸವನ್ನೇ ಬಿಟ್ಟವು.

ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆ ಆ 4 ವ್ಯಾಟನ್ನೇ ಮಿತಿ ಎನ್ನಲಿಲ್ಲ. ಇಂಥ ಉಪಕರಣಗಳ ಬಳಿ ಕೆಲಸ ಮಾಡುವ, ತರಬೇತಿ ಪಡೆದವರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 0.4 ವ್ಯಾಟ್. ಸಾರ್ವಜನಿಕರಲ್ಲಿ ಮಕ್ಕಳು, ವೃದ್ಧರು, ರೋಗಿಗಳೂ ಇರುತ್ತಾರಲ್ಲ, ಅವರಿಗೆ ಐವತ್ತನೇ ಒಂದು ಭಾಗ, 0.08 ವ್ಯಾಟ್. ದೇಹದೊಳಗೆ ಮೀಟರ್ ಇಡಲು ಆಗದ ಕಾರಣ ಇದನ್ನು ಗಾಳಿಯಲ್ಲಿ ಅಳೆಯಬಹುದಾದ ಅಂಕಿಗೆ ಬದಲಿಸುತ್ತಾರೆ. 900 ಮೆಗಾಹರ್ಟ್ಸ್ ತರಂಗಕ್ಕೆ ಅದು ಪ್ರತಿ ಚದರ ಮೀಟರ್‌ಗೆ 4.5 ವ್ಯಾಟ್. ಭಾರತ 2012ರ ಸೆಪ್ಟೆಂಬರ್ 1ರಿಂದ ಟವರ್‌ಗಳಿಗೆ ಇದನ್ನೂ ಹತ್ತನೇ ಒಂದಕ್ಕೆ, 0.45 ವ್ಯಾಟ್‌ಗೆ ಇಳಿಸಿತು. ಹೊಸ ಅಪಾಯ ಪತ್ತೆಯಾಗಿ ಅಲ್ಲ, ಮುನ್ನೆಚ್ಚರಿಕೆಗೆ.

ಅಂದರೆ 0.45 ದಾಟಿದ ಟವರ್ ನಿಯಮ ಮುರಿದಂತೆ. ದೂರು ಕೊಡಲೇಬೇಕು. ಆದರೆ ಕಾಯಿಲೆ ಶುರುವಾಗುವ ಗೆರೆ ಅದಲ್ಲ.

ಹಾಗಾದರೆ ಕ್ಯಾನ್ಸರ್? ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು: ಶಾಖದ ಮೇಲೆ ನಿಂತ ಈ ಮಿತಿ ಆ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2011ರಲ್ಲಿ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು, ಪುರಾವೆ ಸಾಲದು ಎಂದು ಅದರರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ! ಆ ಸಂಶಯವೂ ಮುಖ್ಯವಾಗಿ ಹುಟ್ಟಿದ್ದು ಫೋನನ್ನು ಬಹಳ ಬಳಸುವವರ ಅಧ್ಯಯನಗಳಿಂದ, ಟವರ್‌ನಿಂದಲ್ಲ.

ಫೋನ್‌ಗೆ ನಮ್ಮಲ್ಲಿ ಬೇರೆಯೇ ಮಿತಿ ಇದೆ: 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಪ್ರತಿ ಕಿಲೋಗೆ 1.6 ವ್ಯಾಟ್. ಹಲವು ಫೋನ್‌ಗಳಲ್ಲಿ *#07# ಒತ್ತಿದರೆ ನಿಮ್ಮ ಫೋನಿನ ಅಂಕಿ ಕಾಣುತ್ತದೆ. ಸಿಗ್ನಲ್ ಕಡಿಮೆ ಇರುವಲ್ಲಿ ಫೋನ್ ತನ್ನ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ, ಅಲ್ಲಿ ಇಯರ್‌ಫೋನ್ ಅಥವಾ ಸ್ಪೀಕರ್ ಹಾಕಿ ಮಾತಾಡಿ. ಟವರ್ ತೆಗೆಸಿದ ಮೇಲೆ ಬಡಾವಣೆಯಲ್ಲಿ ಸಿಗ್ನಲ್ ಕುಗ್ಗಿದರೂ ಇದೇ ಕತೆ: ಕಿವಿಗೆ ಒತ್ತಿಕೊಂಡ ಫೋನ್ ಮೊದಲಿಗಿಂತ ಹೆಚ್ಚು ತರಂಗ ಹೊರಬಿಡುತ್ತದೆ.