ರೆಪ್ಪೆಗೆ ಎರಡನೆಯ ಕತ್ತರಿ: ಅಝ್ಝಹ್ರಾವಿ ಕಲಿಸಿದ ಪಾಠ

ನಮ್ಮ ದೇಹದ ಚರ್ಮದಲ್ಲೆಲ್ಲ ಅತ್ಯಂತ ತೆಳುವಾದುದು ಕಣ್ರೆಪ್ಪೆಯ ಚರ್ಮ. ನಾವು ಗಮನಿಸದಿದ್ದರೂ ರೆಪ್ಪೆ ನಿಮಿಷಕ್ಕೆ ಹಲವು ಬಾರಿ ಮುಚ್ಚಿ ತೆರೆದು ಕಣ್ಣನ್ನು ತೇವವಾಗಿಡುತ್ತದೆ, ಧೂಳಿನಿಂದ ಕಾಯುತ್ತದೆ. ಜೋತುಬಿದ್ದ ರೆಪ್ಪೆಯ ಹೆಚ್ಚುವರಿ ಚರ್ಮವನ್ನು ಕತ್ತರಿಸಿ ಮುಖವನ್ನು ಅಂದಗೊಳಿಸುವ ಶಸ್ತ್ರಚಿಕಿತ್ಸೆ ಇಂದು ನಗರಗಳಲ್ಲಿ ಅಪರೂಪವೇನೂ ಅಲ್ಲ. ಆದರೆ ಅದು ನೆನೆಸಿದಂತೆ ಆಗದಿದ್ದರೆ? ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದಾಗಿ ಕಂಡರೆ, ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚದಿದ್ದರೆ? ಕೂಡಲೇ ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿಬಿಡಬೇಕೆಂದು ಮನಸ್ಸು ಅವಸರಪಡುತ್ತದೆ. ಈ ಅವಸರ ಸಲ್ಲದೆಂದು ಇಂದಿನ ವೈದ್ಯರು ಹೇಳುತ್ತಾರೆ. ಆ ಮಾತಿನ ಹಿಂದೆ ಬಹು ದೀರ್ಘವಾದ ಚರಿತ್ರೆಯಿದೆ.

ಕ್ರಿಸ್ತಶಕ ಒಂದನೇ ಶತಮಾನದಲ್ಲಿ ರೋಮಿನ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ರೆಪ್ಪೆಯ ಚರ್ಮ ತೆಗೆಯುವ ವಿಧಾನವನ್ನು ವಿವರಿಸಿದ್ದಾನೆ. ಹೆಚ್ಚು ಕತ್ತರಿಸಿದರೆ ಕಣ್ಣು ಮುಚ್ಚದು, ಕಡಿಮೆ ಕತ್ತರಿಸಿದರೆ ಫಲವಿಲ್ಲ ಎಂಬ ಎಚ್ಚರಿಕೆಯೂ ಅಲ್ಲಿದೆ. ಏಳನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ವೈದ್ಯ ಪೌಲ್ ಈ ಜ್ಞಾನವನ್ನು ಸಂಗ್ರಹಿಸಿದ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವಿದ್ವಾಂಸರು ಅಬ್ಬಾಸಿ ಖಲೀಫರ ಆಶ್ರಯದಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಭಾಷಾಂತರಿಸಿದರು, ಕಣ್ಣಿನ ಬಗ್ಗೆ ಸ್ವತಂತ್ರ ಕೃತಿಯನ್ನೂ ರಚಿಸಿದರು. ಅರಬರಲ್ಲಿ ಕಣ್ಣಿನ ವೈದ್ಯನಿಗೆ 'ಕಹ್ಹಾಲ್' ಎಂಬ ಪ್ರತ್ಯೇಕ ಹೆಸರೇ ಇತ್ತು. ಹನ್ನೊಂದನೇ ಶತಮಾನದಲ್ಲಿ ಬಗ್ದಾದಿನ ಅಲಿ ಇಬ್ನ್ ಈಸಾ ಬರೆದ 'ತದ್‌ಕಿರತುಲ್ ಕಹ್ಹಾಲೀನ್' ಶತಮಾನಗಳ ಕಾಲ ಈ ವೈದ್ಯರ ಕೈಪಿಡಿಯಾಗಿತ್ತು.

ಅದೇ ಹೊತ್ತಿಗೆ ಮುಸ್ಲಿಮ್ ಸ್ಪೇನಿನಲ್ಲಿ, ಕಾರ್ಡೋವಾ ಬಳಿಯ ಮದೀನತುಝ್ಝಹ್ರಾದಲ್ಲಿ ಅಬುಲ್ ಕಾಸಿಮ್ ಅಝ್ಝಹ್ರಾವಿ ಬದುಕಿದ್ದರು. 1013ರ ಸುಮಾರಿಗೆ ನಿಧನರಾದ ಅವರ 'ಅತ್ತಸ್ರೀಫ್' ಮೂವತ್ತು ಭಾಗಗಳ ಗ್ರಂಥ. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅಂದು ರೆಪ್ಪೆಯನ್ನು ಕತ್ತರಿಸುತ್ತಿದ್ದುದು ಹೆಚ್ಚಾಗಿ ಅಂದಕ್ಕಾಗಿ ಅಲ್ಲ. ರೆಪ್ಪೆಗೂದಲು ಒಳಮುಖವಾಗಿ ತಿರುಗಿ ಕಣ್ಣನ್ನು ಉಜ್ಜಿ ಕುರುಡು ತರುವ ರೋಗಕ್ಕೆ ಅದು ಪರಿಹಾರವಾಗಿತ್ತು. ಮೇಲಿನ ರೆಪ್ಪೆಯಿಂದ ಎಲೆಯಾಕಾರದ ಚರ್ಮವನ್ನು ತೆಗೆದು ಹೊಲಿದರೆ ಕೂದಲು ಮೇಲಕ್ಕೆ ತಿರುಗುತ್ತದೆ. ಎಷ್ಟು ಚರ್ಮ ತೆಗೆಯಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ, ರೆಪ್ಪೆ ಎಷ್ಟು ಸಡಿಲವಾಗಿದೆ ಎಂಬುದನ್ನು ನೋಡಿ ನಿರ್ಧರಿಸಬೇಕು ಎನ್ನುತ್ತಾರೆ ಅಝ್ಝಹ್ರಾವಿ. ಕತ್ತರಿಸುವ ಬದಲು ಸುಡುವುದಾದರೆ, ಮೊದಲು ಶಾಯಿಯಿಂದ ಗುರುತು ಹಾಕಬೇಕೆಂದೂ ಅವರು ಸೂಚಿಸುತ್ತಾರೆ.

ನಮ್ಮ ಪ್ರಶ್ನೆಗೆ ಉತ್ತರವಿರುವುದು 'ಶತ್ರಾ' ಎಂಬ ದೋಷದ ಅಧ್ಯಾಯದಲ್ಲಿ. ರೆಪ್ಪೆ ಮೇಲಕ್ಕೆ ಸೆಳೆದುಕೊಂಡು ಕಣ್ಣು ಮುಚ್ಚದ ಸ್ಥಿತಿ ಇದು. ಇದು ಹುಟ್ಟಿನಿಂದ ಬರಬಹುದು, ಗಾಯ ಮಾಗುವಾಗ ಬರಬಹುದು, ಕತ್ತರಿಸಿದ್ದರಿಂದ ಅಥವಾ ಸುಟ್ಟಿದ್ದರಿಂದಲೂ ಬರಬಹುದು ಎಂದು ಅಝ್ಝಹ್ರಾವಿ ಬರೆಯುತ್ತಾರೆ. ಅಂದರೆ ವೈದ್ಯನ ಕೈಯಿಂದಲೇ ಈ ದೋಷ ಉಂಟಾಗಬಹುದೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಪರಿಹಾರವೇನು? ಹಳೆಯ ಕಲೆಯನ್ನು ಸೀಳಿ, ಅಂಚುಗಳನ್ನು ಬೇರ್ಪಡಿಸಿ, ನಡುವೆ ಬಟ್ಟೆಯ ನಾರನ್ನಿಟ್ಟು, ಗಾಯ ಮಾಗುವವರೆಗೆ ಕಟ್ಟಬೇಕು. ಗಾಯವನ್ನು ಒಣಗಿಸಿ ಬಿಗಿಗೊಳಿಸುವ ಔಷಧಿ ಹಾಕಲೇಬಾರದು. ಹಾಕಿದರೆ ರೆಪ್ಪೆ ಮೊದಲಿಗಿಂತಲೂ ಹೆಚ್ಚು ಸೆಳೆದುಕೊಳ್ಳುತ್ತದೆ. ಮೆಂತ್ಯ, ಅಗಸೆಬೀಜದಂತಹ ಮೃದುಗೊಳಿಸುವ ವಸ್ತುಗಳನ್ನೇ ಬಳಸಬೇಕು. ಬೇಗ ಒಣಗಿದ ಗಾಯ ಒಳ್ಳೆಯ ಗಾಯವೆಂದು ನಾವು ತಿಳಿಯುತ್ತೇವೆ. ರೆಪ್ಪೆಯ ವಿಷಯದಲ್ಲಿ ಅದು ತಪ್ಪೆಂದು ಅವರಿಗೆ ತಿಳಿದಿತ್ತು.

ಹನ್ನೆರಡನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಸ್ಪೇನಿನ ಟೊಲೆಡೊದಲ್ಲಿ ಈ ಭಾಗವನ್ನು ಲ್ಯಾಟಿನಿಗೆ ತಂದರು. ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು. ರೆಪ್ಪೆಯ ಶಸ್ತ್ರಚಿಕಿತ್ಸೆಗೆ 'ಬ್ಲೆಫರೋಪ್ಲಾಸ್ಟಿ' ಎಂಬ ಇಂದಿನ ಹೆಸರು ಬಂದದ್ದು 1818ರಲ್ಲಿ, ಜರ್ಮನಿಯ ಫಾನ್ ಗ್ರೇಫೆಯಿಂದ.

ಇಂದಿನ ವಿಜ್ಞಾನ ಈ ಅನುಭವಕ್ಕೆ ಕಾರಣಗಳನ್ನು ಸೇರಿಸಿದೆ. ಶಸ್ತ್ರಚಿಕಿತ್ಸೆಯ ಊತ ಬಹುಪಾಲು ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಒಳಗಿನ ಕಲೆ ಮೊದಲು ಗಟ್ಟಿಯಾಗಿ, ಆಮೇಲೆ ನಿಧಾನವಾಗಿ ಮೃದುವಾಗಲು ಆರು ತಿಂಗಳಿನಿಂದ ಒಂದು ವರ್ಷ ಬೇಕು. ಆದ್ದರಿಂದ ಎರಡನೆಯ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಆರು ತಿಂಗಳಾದರೂ ಕಾಯಲು ಹೇಳುತ್ತಾರೆ. ಮೊದಲ ವಾರಗಳಲ್ಲಿ ಕಾಣುವ ಓರೆಕೋರೆ, ಕಣ್ಣು ಪೂರ್ತಿ ಮುಚ್ಚದಿರುವುದು ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದೆ. ಕತ್ತರಿಸಿ ಎಸೆದ ಚರ್ಮವನ್ನಂತೂ ಮರಳಿ ತರಲಾಗದು. ಕೊರತೆ ಹೆಚ್ಚಿದ್ದರೆ ಇನ್ನೊಂದು ರೆಪ್ಪೆಯಿಂದಲೋ ಕಿವಿಯ ಹಿಂದಿನಿಂದಲೋ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ.

ಆದರೆ ಕಾಯುವುದೆಂದರೆ ಅಲಕ್ಷ್ಯ ಮಾಡುವುದಲ್ಲ. ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀವ್ರ ನೋವು, ಕಣ್ಣು ಮುಂದೆ ಉಬ್ಬುವುದು, ದೃಷ್ಟಿ ಮಂದವಾಗುವುದು ಕಂಡರೆ ಕಣ್ಣಿನ ಹಿಂದೆ ರಕ್ತಸ್ರಾವವಾಗಿರಬಹುದು. ಆಗ ಒಂದು ಗಂಟೆಯನ್ನೂ ಕಳೆಯಬಾರದು. ಮುಚ್ಚದ ರೆಪ್ಪೆಯಿಂದ ಕಾರ್ನಿಯಾ ಒಣಗಿ ಹುಣ್ಣಾಗುವ ಭಯವಿದ್ದರೂ ತಿಂಗಳು ಎಣಿಸುತ್ತ ಕೂರುವಂತಿಲ್ಲ.

ಇಂತಹ ಚಿಕಿತ್ಸೆ ಇಸ್ಲಾಮಿನಲ್ಲಿ ಸಮ್ಮತವೇ ಎಂದು ಕೇಳುವವರಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ ಎಂಬ ಸಹಾಬಿ ಬೆಳ್ಳಿಯ ಮೂಗು ಇರಿಸಿಕೊಂಡಿದ್ದರು, ಅದು ದುರ್ವಾಸನೆ ಬೀರಿದಾಗ ಚಿನ್ನದ ಮೂಗು ಇರಿಸಿಕೊಳ್ಳಲು ಪ್ರವಾದಿವರ್ಯರು(ಸ) ಅನುಮತಿಸಿದರೆಂದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿದೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ 2007ರಲ್ಲಿ ಮಲೇಷ್ಯಾದಲ್ಲಿ ಸೇರಿದಾಗ, ದೋಷ ಮತ್ತು ಹಾನಿಯನ್ನು ನಿವಾರಿಸುವ ಶಸ್ತ್ರಚಿಕಿತ್ಸೆ ಸಮ್ಮತವೆಂದೂ ಕೇವಲ ವ್ಯಾಮೋಹಕ್ಕಾಗಿ ರೂಪ ಬದಲಿಸುವುದು ಸಲ್ಲದೆಂದೂ ನಿರ್ಣಯಿಸಿತು. ಕೆಟ್ಟುಹೋದ ರೆಪ್ಪೆಯನ್ನು ಸರಿಪಡಿಸಿಕೊಳ್ಳುವವರು ಆದ್ದರಿಂದ ಸಂಕೋಚಪಡಬೇಕಾಗಿಲ್ಲ.

ನೊಂದವರಿಗೆ ಬೇಕಾದುದು ಸಬ್ರ್, ಅದರ ಜೊತೆಗೆ ಆಗಿದ್ದನ್ನು ಇದ್ದಂತೆ ಹೇಳುವ ವೈದ್ಯ. ತಮ್ಮ ವೃತ್ತಿಯಿಂದಲೇ ಆಗಬಹುದಾದ ಹಾನಿಯನ್ನು ಗ್ರಂಥದಲ್ಲಿ ಬರೆದಿಟ್ಟು, ಅದನ್ನು ಸರಿಪಡಿಸುವ ದಾರಿಯನ್ನೂ ಕಲಿಸಿದ ಅಝ್ಝಹ್ರಾವಿಯ ಪ್ರಾಮಾಣಿಕತೆ ಇಂದಿನ ಚಿಕಿತ್ಸಾಲಯಗಳಿಗೂ ಬೇಕಾಗಿದೆ.